ಚಿತ್ರ ಮಾರಿದ ಹಣ, ಹಸುವಿನ ಮೇವು

ಸುವರ್ಣ ಮಹೋತ್ಸವದ ಸಂಪುಟಕ್ಕೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಸಂತೋಷವೂ ಅಳುಕೂ ಒಟ್ಟಿಗೇ ಆದವು. ನಾನು ಚರಿತ್ರೆಯನ್ನು ಶಾಸ್ತ್ರೀಯವಾಗಿ ಓದಿದವನಲ್ಲ. ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಮಾಡಿಕೊಂಡು, ಸಾಫ್ಟ್‌ವೇರ್ ಕೆಲಸದಲ್ಲಿ ಇರುವವನು. ಆದರೆ ಈ ಲೇಖನ ಹುಟ್ಟಿದ್ದು ಚರಿತ್ರೆಗೆ ಸೇರಿದ ಒಂದು ಪ್ರಶ್ನೆಯಿಂದ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಲಹೆ ಬಂದಿತ್ತು. ಮಹೋತ್ಸವದ ನೆನಪಿಗೆ ಶಾಲೆಯ ಮಕ್ಕಳು ಮತ್ತು ಹಳೆಯ ವಿದ್ಯಾರ್ಥಿಗಳು ಬರೆದ ಚಿತ್ರಗಳ ಪ್ರದರ್ಶನ ಏರ್ಪಡಿಸುವುದು, ಚಿತ್ರಗಳನ್ನು ಮಾರುವುದು, ಬಂದ ಹಣದಲ್ಲಿ ಒಂದು ಪಾಲನ್ನು ಗಾಯಗೊಂಡ, ಅನಾಥವಾದ ಪ್ರಾಣಿಗಳ ಆಶ್ರಯಕ್ಕೂ ಒಂದು ಪಾಲನ್ನು ಬಡಾವಣೆಯ ಪಾರ್ಕಿನ ನೈರ್ಮಲ್ಯಕ್ಕೂ ಕೊಡುವುದು. ಹಲವರು ಒಪ್ಪಿದರು. ನಮಗಿಂತ ಬಹಳ ಹಿಂದಿನ ಬ್ಯಾಚಿನ ಹಿರಿಯರೊಬ್ಬರು ಮಾತ್ರ ನನಗೆ ಫೋನ್ ಮಾಡಿ ಹೇಳಿದರು: "ಇದೆಲ್ಲಾ ಬೆಂಗಳೂರು, ಅಮೆರಿಕದ ಶೋಕಿ ಕಣಪ್ಪಾ. ನಮ್ಮೂರಲ್ಲಿ ಚಿತ್ರ ಮಾರಿ ನಾಯಿಗೆ ಅನ್ನ ಹಾಕಿದ್ದು ಯಾವತ್ತಿತ್ತು? ಆ ದುಡ್ಡಲ್ಲಿ ಮಕ್ಕಳಿಗೆ ನಾಲ್ಕು ಬೆಂಚು ಮಾಡಿಸ್ರಪ್ಪಾ."

ಅವರ ಮಾತಿನಲ್ಲಿ ಎರಡು ಭಾಗವಿದೆ. ನಮ್ಮ ಊರಿನಲ್ಲಿ ಇಂಥದ್ದು ಇತ್ತೇ ಎಂಬುದು ಮೊದಲನೆಯದು. ಬೆಂಚು ಮುಖ್ಯವೋ ಪ್ರಾಣಿ ಮುಖ್ಯವೋ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಹೇಳಲು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಒಂದೇ ಬೊಕ್ಕಸದ ಕಾಲ

ಮೈಸೂರಿನಲ್ಲಿ ಪ್ರಾಣಿ, ಉದ್ಯಾನ, ಕಲೆ ಈ ಮೂರೂ ಬಹಳ ಕಾಲ ಒಂದೇ ಬೊಕ್ಕಸದಿಂದ ಬದುಕಿದವು. ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಸುಮಾರು 10 ಎಕರೆ ಜಾಗದಲ್ಲಿ ಅರಮನೆಯ ಮೃಗಾಲಯವನ್ನು ಆರಂಭಿಸಿದರು. ಮುಂದೆ 1909ರಲ್ಲಿ ಅದಕ್ಕೆ ಅವರದೇ ಹೆಸರು ಬಂದಿತು. ಅದರ ಮೊದಲ ಮೇಲ್ವಿಚಾರಕರು ಎ.ಸಿ. ಹ್ಯೂಸ್. ತೋಟದ ರಚನೆಯಲ್ಲಿ ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಜಿ.ಎಚ್. ಕೃಂಬಿಗಲ್ ಅವರ ಕೈಯೂ ಇತ್ತು. ಬೆಂಗಳೂರಿನ ಲಾಲ್‌ಬಾಗನ್ನು ಬೆಳೆಸಿದವರೂ ಇವರೇ. ನಾವು ಚಿಕ್ಕಂದಿನಲ್ಲಿ ಶಾಲೆಯಿಂದ ಸಾಲಾಗಿ ನಡೆದು ಹೋಗಿ ಜಿರಾಫೆಯನ್ನು ಬಾಯಿ ಬಿಟ್ಟು ನೋಡಿದ್ದು ಇದೇ ಜಾಗದಲ್ಲಿ. ಅದು ಪ್ರಾಣಿಗಳ ಮನೆಯೂ ಹೌದು, ಊರಿನ ದೊಡ್ಡ ತೋಟವೂ ಹೌದು ಎಂಬುದು ಆಗ ಹೊಳೆದಿರಲಿಲ್ಲ.

ಕಲೆಯ ಕತೆಯೂ ಹಾಗೆಯೇ. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರ ಮೈಸೂರಿಗೆ ಬಂದಾಗ, ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಮರಗೆಲಸ, ಕೆತ್ತನೆ, ಚಿತ್ರಕಲೆಗಳನ್ನು ಕಲಿಸಿದ ಆ ಪರಂಪರೆಯೇ ಇಂದಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ, ತನಕ ಬಂದಿದೆ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ 26 ಚಿತ್ರಗಳನ್ನು ನೋಡಿ. ಮೈಸೂರಿನ ಕಲಾವಿದರು ಬರೆದ ಆ ಚಿತ್ರಗಳಲ್ಲಿ ಮನುಷ್ಯರಷ್ಟೇ ಎದ್ದು ಕಾಣುವವು ಆನೆ, ಕುದುರೆ, ಎತ್ತುಗಳು. ಚಿತ್ರ ಬರೆದವರಿಗೆ ಸಂಭಾವನೆ ಕೊಟ್ಟ ಬೊಕ್ಕಸವೇ ಆ ಆನೆಗೆ ಹುಲ್ಲನ್ನೂ ಒದಗಿಸುತ್ತಿತ್ತು.

ಊರಿನ ನೈರ್ಮಲ್ಯಕ್ಕೂ ಅದೇ ಕಾಲದ ನೆನಪಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಮೈಸೂರನ್ನು ನಡುಗಿಸಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಅಗಲವಾದ ರಸ್ತೆ, ಮನೆಗಳ ಹಿಂಬದಿಯಲ್ಲಿ ಕನ್ಸರ್ವೆನ್ಸಿ ಗಲ್ಲಿ, ಅಲ್ಲಲ್ಲಿ ಉದ್ಯಾನ, ಇವೆಲ್ಲಾ ಹಳೆಯ ಬಡಾವಣೆಗಳ ಗುರುತುಗಳಾದವು. ಲಕ್ಷ್ಮೀಪುರಂನಲ್ಲಿ ಬೆಳೆದ ನಾವು ಕ್ರಿಕೆಟ್ ಆಡಿದ ಗಲ್ಲಿಗಳೂ ಅಂಥವೇ. ಪಾರ್ಕು ಎಂಬುದು ಅಂದಿನವರ ದೃಷ್ಟಿಯಲ್ಲಿ ಅಲಂಕಾರಕ್ಕಿಂತ ಹೆಚ್ಚಾಗಿ ಆರೋಗ್ಯದ ವ್ಯವಸ್ಥೆಯಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಈ ಒಂದೇ ಬೊಕ್ಕಸ ಹಲವು ಇಲಾಖೆಗಳಾಗಿ ಹಂಚಿಹೋಯಿತು. ಮೃಗಾಲಯ 1948ರಲ್ಲಿ ಉದ್ಯಾನಗಳ ಇಲಾಖೆಗೆ ಸೇರಿತು. 1972ರಲ್ಲಿ ಅರಣ್ಯ ಇಲಾಖೆಗೆ ಹೋಯಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೈಗೆ ಬಂದಿತು. ಇಪ್ಪತ್ತನಾಲ್ಕು ವರ್ಷ ನಮ್ಮ ಊರಿನ ಹುಲಿ ಸಿಂಹಗಳು ಹೂಗಿಡಗಳ ಇಲಾಖೆಯಲ್ಲಿದ್ದವು ಎಂದರೆ ಇಂದಿನ ಮಕ್ಕಳು ನಗಬಹುದು. ಆದರೆ ಆ ವ್ಯವಸ್ಥೆಯಲ್ಲಿ ಒಂದು ತಿಳಿವಳಿಕೆ ಇತ್ತು. ಪ್ರಾಣಿಯ ಆರೈಕೆಯೂ ಉದ್ಯಾನದ ಆರೈಕೆಯೂ ಒಂದೇ ಬಗೆಯ ಕೆಲಸ. ಎರಡಕ್ಕೂ ಪ್ರತಿದಿನ ನೀರು ಬೇಕು, ಪ್ರತಿದಿನ ಗುಡಿಸಬೇಕು, ಹಬ್ಬವೆಂದು ರಜೆ ಹಾಕುವಂತಿಲ್ಲ.

ವರ್ತಕರ ಚಿಲ್ಲರೆ

ಅರಮನೆಯ ಬೊಕ್ಕಸದ ಹೊರಗೆ ಇನ್ನೊಂದು ದಾರಿಯೂ ಇತ್ತು. ಅದು ವರ್ತಕರದು.

ಬೊಂಬಾಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಬ್ರಿಟಿಷ್ ಆಡಳಿತ ಹೊರಟಾಗ ಊರೇ ತಿರುಗಿಬಿತ್ತು. ದೊಡ್ಡ ಗಲಭೆಯಾಯಿತು. ಅದರ ಹಿಂದೆಯೇ, 1834ರಲ್ಲಿ, ಪಾರ್ಸಿ ವರ್ತಕ ಜಮ್‌ಶೇಟ್‌ಜೀ ಜೀಜಾಭಾಯಿ ಮೊದಲಾದವರು ಸೇರಿ ಅಲ್ಲಿ ಪಿಂಜರಾಪೋಲ್ ಸ್ಥಾಪಿಸಿದರು. ದಿಕ್ಕಿಲ್ಲದ ಪ್ರಾಣಿಗಳಿಗೆ ಅದು ಆಶ್ರಯ. ಅದನ್ನು ನಡೆಸಿದ ಬಗೆ ನನಗೆ ಬಹಳ ಹಿಡಿಸಿತು. ವರ್ತಕರು ತಾವು ಮಾರುವ ಹತ್ತಿಯಂಥ ಸರಕಿನ ಮೇಲೆ ತಾವೇ ಒಂದು ಚಿಕ್ಕ ಲಾಗಾ ಹಾಕಿಕೊಂಡರು. ಒಬ್ಬ ದೊಡ್ಡ ದಾನಿಯ ಒಂದು ದಿನದ ಔದಾರ್ಯಕ್ಕಿಂತ ನೂರಾರು ವ್ಯಾಪಾರಿಗಳ ದಿನದಿನದ ಚಿಲ್ಲರೆ ಅಲ್ಲಿ ಕೆಲಸ ಮಾಡಿತು.

ಮೈಸೂರಿನಲ್ಲಿಯೂ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಪಿಂಜರಾಪೋಲ್ ಸೊಸೈಟಿ ಇದೆ. ಹಾಲು ಬತ್ತಿದ ಹಸು, ಉಳಲಾರದ ಎತ್ತು, ರಸ್ತೆಯಲ್ಲಿ ಬಿಟ್ಟುಹೋದ ಕರು ಅಲ್ಲಿಗೆ ಸೇರುತ್ತವೆ. ಸಂಕ್ರಾಂತಿಗೋ ಹುಟ್ಟುಹಬ್ಬಕ್ಕೋ ಮೇವು ಕೊಡಿಸಲು ಹೋಗುವ ಕುಟುಂಬಗಳು ನಮ್ಮ ಬೀದಿಯಲ್ಲೇ ಇದ್ದವು. ನನ್ನ ಅಜ್ಜಿ ತಮ್ಮ ಪಿಂಚಣಿಯಲ್ಲಿ ವರ್ಷಕ್ಕೊಮ್ಮೆ ಬೂಸಾ ಕೊಡಿಸುತ್ತಿದ್ದರು. "ಹಬ್ಬದ ದಿನ ಎಲ್ಲರೂ ಕೊಡ್ತಾರೆ, ನಾವು ಆಷಾಢದಲ್ಲಿ ಕೊಡೋಣ" ಎನ್ನುತ್ತಿದ್ದರು. ಆಗ ಅದು ನನಗೆ ಅಜ್ಜಿಯ ಮೊಂಡುತನವೆನ್ನಿಸಿತ್ತು. ಈ ಲೇಖನಕ್ಕಾಗಿ ಓದುವಾಗ ಅದರ ಅರ್ಥ ಆಯಿತು.

ಸಹಾಯಾರ್ಥ ಪ್ರದರ್ಶನ

ಇನ್ನು ಹಿರಿಯರ ಪ್ರಶ್ನೆಯ ತಿರುಳಿಗೆ ಬರೋಣ. ಕಲೆಯ ಮೂಲಕ ಸಾರ್ವಜನಿಕ ಕೆಲಸಕ್ಕೆ ಹಣ ಕೂಡಿಸುವುದು ನಮ್ಮಲ್ಲಿ ಇತ್ತೇ?

ಇತ್ತು. ಅದಕ್ಕೆ ನಮ್ಮ ಭಾಷೆಯಲ್ಲಿ ಹೆಸರೇ ಇತ್ತು: ಸಹಾಯಾರ್ಥ ಪ್ರದರ್ಶನ. ವೃತ್ತಿನಾಟಕ ಕಂಪನಿಗಳು ಒಂದು ಊರಿನಲ್ಲಿ ಮೊಕ್ಕಾಂ ಹೂಡಿದರೆ ಆ ಊರಿನ ಶಾಲೆಗೋ ಗುಡಿಗೋ ಅನಾಥಾಲಯಕ್ಕೋ ಒಂದು ರಾತ್ರಿಯ ಕಲೆಕ್ಷನ್ ಬಿಟ್ಟುಕೊಡುವುದು ರೂಢಿ. ಗುಬ್ಬಿ ವೀರಣ್ಣನವರ ಕಂಪನಿಯ ಇಂಥ ಆಟಗಳ ಕತೆಗಳನ್ನು ಹಳಬರು ಇಂದಿಗೂ ಹೇಳುತ್ತಾರೆ. ನಮ್ಮ ಊರಿನದೇ ಉದಾಹರಣೆ ಬೇಕೆಂದರೆ ಪಿಟೀಲು ಚೌಡಯ್ಯನವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರನ್ನು ನೆನೆಯಬೇಕು. ಅವರು ತಮ್ಮ ಸಂಗೀತದ ಗಳಿಕೆಯನ್ನು ಸುರಿದು, ಅಭಿಮಾನಿಗಳಿಂದ ಕಾಣಿಕೆ ಕೂಡಿಸಿ ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಹಾಡಿನಿಂದ ಗೋಡೆ ಎದ್ದ ಜಾಗ ಅದು. ಇಂದಿಗೂ ಅಲ್ಲಿ ಸಂಗೀತ ಕೇಳುತ್ತದೆ.

ಚಿತ್ರದ ವಿಷಯದಲ್ಲಿ ಮಾತ್ರ ಈ ರೂಢಿ ತಡವಾಗಿ ಬಂದಿತು. ಕಾರಣ ಸರಳ. ನಾಟಕಕ್ಕೆ ನಾಲ್ಕಾಣೆ ಟಿಕೆಟ್ ಕೊಂಡು ಬಡವರೂ ಹೋಗಬಹುದಿತ್ತು. ಚಿತ್ರವನ್ನು ಕೊಳ್ಳುವವರು ಅರಮನೆಯವರು, ಸಾಹುಕಾರರು ಮಾತ್ರ. ಆ ಗೋಡೆಯನ್ನು ಒಡೆದದ್ದು ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಅದನ್ನು ಆರಂಭಿಸಿತು. ಕಲಾವಿದರು ಬೀದಿಯ ಬದಿಯಲ್ಲಿ ಕುಳಿತು ನೇರವಾಗಿ ಮಾರುತ್ತಾರೆ. ಸೊಪ್ಪು ಕೊಳ್ಳುವ ಹಾಗೆ ಚೌಕಾಸಿ ಮಾಡಿ ಚಿತ್ರ ಕೊಂಡು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುವ ಜನರನ್ನು ನಾನೇ ನೋಡಿದ್ದೇನೆ. ಸಾಮಾನ್ಯ ಮನೆಯವರೂ ಚಿತ್ರ ಕೊಳ್ಳುತ್ತಾರೆ ಎಂಬುದು ಅಲ್ಲಿ ಖಚಿತವಾಯಿತು. ಹಾಗಾದ ಮೇಲೆ ಚಿತ್ರದಿಂದಲೂ ಸಹಾಯಾರ್ಥ ಹಣ ಕೂಡಿಸಬಹುದು.

ನಮ್ಮ ಲಕ್ಷ್ಮೀಪುರಂಗೆ ಈ ವಿಷಯದಲ್ಲಿ ಒಂದು ವಿಶೇಷ ಹಕ್ಕಿದೆ. ಆರ್.ಕೆ. ನಾರಾಯಣ್ ಅವರ ಕುಟುಂಬ, ಅವರು ಯಾದವಗಿರಿಯಲ್ಲಿ ಮನೆ ಕಟ್ಟಿಸುವ ಮೊದಲು, ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿತ್ತು. ತಮ್ಮ ಆರ್.ಕೆ. ಲಕ್ಷ್ಮಣ್ ಬಾಲ್ಯದಲ್ಲಿ ಗೋಡೆ, ನೆಲ, ಬಾಗಿಲು ಒಂದನ್ನೂ ಬಿಡದೆ ಚಿತ್ರ ಬರೆದವರು. ತರಗತಿಯಲ್ಲಿ ಬರೆದ ಅರಳಿ ಎಲೆಯನ್ನು ಮೇಷ್ಟರು ಮೆಚ್ಚಿದ್ದು ತಮಗೆ ದೊಡ್ಡ ಉತ್ತೇಜನವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಬೊಂಬಾಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದಿದರು, 'ಕೊರವಂಜಿ' ಪತ್ರಿಕೆಗೆ ಚಿತ್ರ ಬರೆದರು. ವ್ಯಂಗ್ಯಚಿತ್ರದ ಆಚೆಗೆ ಅವರು ಜೀವನವಿಡೀ ಬಿಡದೆ ಬರೆದದ್ದು ಕಾಗೆಯನ್ನು. ಯಾರೂ ಸಾಕದ, ಯಾರೂ ಹೊಗಳದ, ಊರಿನ ಕಸವನ್ನು ಹೆಕ್ಕಿ ತಿನ್ನುವ ಕಾಗೆ. ಪ್ರಾಣಿದಯೆಗೂ ಊರಿನ ನೈರ್ಮಲ್ಯಕ್ಕೂ ಚಿತ್ರಕಲೆಗೂ ಸಂಬಂಧ ಏನೆಂದು ಕೇಳುವವರಿಗೆ ನಾನು ಆ ಕಾಗೆಯನ್ನು ತೋರಿಸುತ್ತೇನೆ.

ಇನ್ನೊಬ್ಬರು ನಮ್ಮ ಕಾಲದವರು, ಕಾವಾದಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ರಸ್ತೆ ಗುಂಡಿಯಲ್ಲಿ ಅವರು ನಿಜ ಗಾತ್ರದ ಮೊಸಳೆಯನ್ನು ಕೂರಿಸಿದರು. ದೇಶವೆಲ್ಲಾ ನೋಡಿ ನಕ್ಕಿತು, ಗುಂಡಿ ಮುಚ್ಚಿತು. ಅವರು ಹಣ ಕೂಡಿಸಲಿಲ್ಲ. ಆದರೆ ಅರ್ಜಿ ಮಾಡಲಾರದ ಕೆಲಸವನ್ನು ಕಲೆ ಮಾಡಬಲ್ಲದು ಎಂದು ತೋರಿಸಿಕೊಟ್ಟರು.

ಗೇಟು ಮುಚ್ಚಿದ ದಿನಗಳು

ಇಷ್ಟೆಲ್ಲಾ ಇದ್ದರೂ ಪ್ರಾಣಿಗಳ ಹೊಟ್ಟೆಗೆ ನಾವು ಹೊಣೆ ಎಂಬುದು ನಮ್ಮ ತಲೆಮಾರಿಗೆ ಅರ್ಥವಾದದ್ದು 2020ರಲ್ಲಿ. ಮಾರ್ಚ್ ತಿಂಗಳಲ್ಲಿ ಮೃಗಾಲಯದ ಗೇಟು ಮುಚ್ಚಿತು. ಅದು ತೆರೆದದ್ದು ಜೂನ್ 8ರಂದು. ಮೈಸೂರು ಮೃಗಾಲಯದ ದಿನದ ಖರ್ಚು ಬಹುಮಟ್ಟಿಗೆ ಟಿಕೆಟ್ ಹಣದಿಂದ ನಡೆಯುತ್ತದೆ. ಮಂಗಳವಾರ ವಾರದ ರಜೆ ಎಂದು ನಮಗೆಲ್ಲಾ ಗೊತ್ತು. ಮಂಗಳವಾರವೂ ಆನೆ ತಿನ್ನುತ್ತದೆ. ತಿಂಗಳುಗಟ್ಟಲೆ ಎಲ್ಲಾ ದಿನವೂ ಮಂಗಳವಾರವಾದರೆ ಗತಿಯೇನು?

ಇದರ ಜೊತೆಗೆ ಕೂರ್ಗಳ್ಳಿಯಲ್ಲಿ ಮೃಗಾಲಯದವರೇ ನಡೆಸುವ ಪುನರ್ವಸತಿ ಕೇಂದ್ರವಿದೆ. ಸರ್ಕಸ್‌ನಿಂದ ಬಿಡಿಸಿ ತಂದ ಸಿಂಹ, ಕಾಡಂಚಿನ ಊರುಗಳಲ್ಲಿ ಸಿಕ್ಕಿಬಿದ್ದ ಹುಲಿ, ಚಿರತೆಗಳು ಅಲ್ಲಿ ಉಳಿದ ಆಯುಸ್ಸನ್ನು ಕಳೆಯುತ್ತವೆ. ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ನೋಡುವವರಿಲ್ಲ, ಆದ್ದರಿಂದ ಟಿಕೆಟ್ಟೂ ಇಲ್ಲ. ಮೃಗಾಲಯದ ಗೇಟಿನಲ್ಲಿ ನಮ್ಮ ಮಗು ಜಿರಾಫೆ ನೋಡಲು ಕೊಟ್ಟ ಹಣದ ಒಂದು ಭಾಗವೇ ಎಂದೂ ಕಾಣಿಸದ ಆ ಕುಂಟು ಚಿರತೆಗೆ ಊಟವಾಗುತ್ತದೆ.

ಆ ಬೇಸಿಗೆಯಲ್ಲಿ ಜಿಲ್ಲೆಯ ಉಸ್ತುವಾರಿ ಸಚಿವರಾಗಿದ್ದ ಎಸ್.ಟಿ. ಸೋಮಶೇಖರ್ ಅವರು ದಾನಿಗಳಿಂದ ಮೃಗಾಲಯಕ್ಕೆ ದೊಡ್ಡ ಮೊತ್ತವನ್ನೇ ಕೂಡಿಸಿದರು. ಮರುವರ್ಷ ಎರಡನೆಯ ಅಲೆಯಲ್ಲಿ ಮತ್ತೆ ಗೇಟು ಮುಚ್ಚಿದಾಗ, 2021ರ ಜೂನ್‌ನಲ್ಲಿ, ನಟ ದರ್ಶನ್ ಅವರು ಪ್ರಾಣಿ ದತ್ತು ಪಡೆಯಿರೆಂದು ಮನವಿ ಮಾಡಿದರು. ಕೆಲವೇ ದಿನಗಳಲ್ಲಿ ರಾಜ್ಯದ ಮೃಗಾಲಯಗಳಿಗೆ ಒಂದು ಕೋಟಿ ರೂಪಾಯಿಗೂ ಮೀರಿ ಬಂದಿತು. ಸಣ್ಣ ಹಕ್ಕಿಯಿಂದ ಹಿಡಿದು ಆನೆಯವರೆಗೆ ಜನ ದತ್ತು ತೆಗೆದುಕೊಂಡರು. ನಾನೂ ಸಣ್ಣದೊಂದು ಪಕ್ಷಿಯನ್ನು ಒಂದು ವರ್ಷಕ್ಕೆ ದತ್ತು ಪಡೆದೆ. ಪ್ರಮಾಣಪತ್ರ ಬಂದ ದಿನ ಅದನ್ನು ಸ್ಟೇಟಸ್‌ಗೆ ಹಾಕಿ ಮೆರೆದೆ. ವರ್ಷ ಮುಗಿದಾಗ ನವೀಕರಿಸಲು ಮರೆತೆ. ನೆನಪಾದದ್ದು ಈ ಲೇಖನ ಬರೆಯುವಾಗ. ಹಕ್ಕಿಯೇನೂ ನನ್ನ ಮರೆವಿನಿಂದ ಉಪವಾಸ ಬೀಳಲಿಲ್ಲ, ನಿಜ. ಆದರೆ ಅಜ್ಜಿಯ ಆಷಾಢದ ಬೂಸಾ ಮತ್ತು ನನ್ನ ಪ್ರಮಾಣಪತ್ರ, ಇವೆರಡರ ನಡುವಿನ ವ್ಯತ್ಯಾಸ ನನಗೆ ನಾಚಿಕೆ ತಂದಿತು.

ಪಾರ್ಕು, ಕೆರೆಗಳ ಕತೆಯೂ ಇದಕ್ಕಿಂತ ಬೇರೆಯಲ್ಲ. 2015ರಲ್ಲಿ, ಮತ್ತೆ 2016ರಲ್ಲಿ ಮೈಸೂರು ದೇಶದ ಅತಿ ಸ್ವಚ್ಛ ನಗರವೆಂದು ಹೆಸರಾಯಿತು. ಆ ಹೆಸರಿನ ಹಿಂದೆ ಬೆಳಗಿನ ಜಾವ ಬೀದಿಗಿಳಿಯುವ ಪೌರಕಾರ್ಮಿಕರ ಬೆವರಿದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆಗೆ ಈ ಶತಮಾನದ ಆರಂಭದಲ್ಲಿ ಸುಂದರೀಕರಣದ ಯೋಜನೆ ಬಂದಾಗ, ಕಾಂಕ್ರೀಟು ಬೇಡ, ಹಕ್ಕಿಗಳಿಗೆ ಕೆರೆ ಕೆರೆಯಾಗಿಯೇ ಇರಲಿ ಎಂದು ಊರಿನವರು ನಿಂತರು. ಕಾರಂಜಿ ಕೆರೆಯನ್ನು 1976ರಲ್ಲಿ ಮೃಗಾಲಯವು ಒಂದು ಲಕ್ಷ ರೂಪಾಯಿಗೆ ತನ್ನದಾಗಿಸಿಕೊಂಡಿತು. ಕೊಳ್ಳುವುದು ಒಂದೇ ದಿನದ ಕೆಲಸ. ಅದಕ್ಕೆ ಕೊಳಚೆ ಸೇರದಂತೆ ನೋಡಿಕೊಳ್ಳುವ ಕೆಲಸ ಇವತ್ತಿಗೂ ಮುಗಿದಿಲ್ಲ.

ಲಂಟಾನದ ಆನೆಗಳು

ಕಲೆ, ಪ್ರಾಣಿ, ಉದ್ಯಾನ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಪ್ರಯತ್ನವೊಂದು ನಮ್ಮ ನೆರೆಯಲ್ಲೇ ನಡೆದಿದೆ. ಅದು ಶುರುವಾಗುವುದು ಒಂದು ಗಿಡದಿಂದ.

ಲಂಟಾನ ಅಮೆರಿಕ ಖಂಡದ ಗಿಡ. 1809ರ ಸುಮಾರಿಗೆ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಬಣ್ಣಬಣ್ಣದ ಹೂವಿನ ಈ ಗಿಡ ಉದ್ಯಾನದ ಬೇಲಿ ದಾಟಿ ಕಾಡಿಗೆ ನುಗ್ಗಿತು. ಇಂದು ಬಂಡೀಪುರದ ರಸ್ತೆಯಲ್ಲಿ ಹೋಗುವ ಯಾರಿಗಾದರೂ ಅದರ ಪೊದೆಗಳು ಕಾಣುತ್ತವೆ. ಅದು ಹಬ್ಬಿದ ಕಡೆ ಹುಲ್ಲು ಬೆಳೆಯದು. ಹುಲ್ಲಿಲ್ಲದಿದ್ದರೆ ಜಿಂಕೆಗೆ, ಆನೆಗೆ ಮೇವಿಲ್ಲ. ಮೇವಿಲ್ಲದ ಆನೆ ಹೊಲಕ್ಕೆ ಬರುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು ಬಿದಿರಿಗೆ ಬದಲು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತರು. ಬಂಡೀಪುರ, ಮುದುಮಲೈ ದಾಟಿದರೆ ಸಿಗುವ ಗೂಡಲೂರಿನ ಕಡೆ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಜನರ ಗುಂಪು ಅದೇ ಕಡ್ಡಿಯಿಂದ ನಿಜ ಗಾತ್ರದ ಆನೆಗಳನ್ನು ಮಾಡತೊಡಗಿತು. ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಕಬ್ಬಿಣದ ಚೌಕಟ್ಟಿನ ಮೇಲೆ ಬಗ್ಗಿಸಿ ಕೂರಿಸುತ್ತಾರೆ. ಒಂದೊಂದು ಆನೆಗೂ ಮಾದರಿ ಅವರು ಕಾಡಿನಲ್ಲಿ ಕಂಡು ಗುರುತಿಟ್ಟುಕೊಂಡ ಒಂದೊಂದು ನಿಜವಾದ ಆನೆ.

ಈ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತವು. 2024ರ ಫೆಬ್ರವರಿಯಲ್ಲಿ ಲಾಲ್‌ಬಾಗಿನಲ್ಲಿ ನಿಂತವು. ಅದೇ ವರ್ಷ 100 ಆನೆಗಳ ಹಿಂಡು ಅಮೆರಿಕದ ಊರೂರು ಸುತ್ತಲು ಹೊರಟಿತು. ನೋಡಿದವರು ಕೊಂಡರು. ಆ ಹಣ ಮಾಡಿದವರ ಕೂಲಿಗೂ, ಮನುಷ್ಯರೂ ಪ್ರಾಣಿಗಳೂ ಕೂಡಿ ಬಾಳುವುದಕ್ಕೆ ದುಡಿಯುವ ಸಂಸ್ಥೆಗಳಿಗೂ ಸೇರಿತು. ಉದ್ಯಾನದಿಂದ ತಪ್ಪಿಸಿಕೊಂಡು ಕಾಡನ್ನು ಕೆಡಿಸಿದ ಗಿಡ, ಆನೆಯಾಗಿ ಉದ್ಯಾನಕ್ಕೇ ಮರಳಿ ಬಂದು, ತನ್ನಿಂದ ಆದ ನಷ್ಟಕ್ಕೆ ತಾನೇ ಪರಿಹಾರ ದುಡಿದುಕೊಟ್ಟಿತು. ಈ ಪ್ರಯತ್ನ ಒಂದು ದಿನದ ಮೇಳವಾಗಿ ಮುಗಿಯಲಿಲ್ಲ. ಲಂಟಾನ ಕಡಿದಷ್ಟೂ ಕೆಲಸವಿದೆ, ಆನೆ ಮಾಡಿದಷ್ಟೂ ಸಂಬಳವಿದೆ. ಅದೇ ಅದರ ಬಲ.

ನಮ್ಮ ಅಂಗಳಕ್ಕೆ

ಹಿರಿಯರ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಇದು ಹೊರಗಿನ ಶೋಕಿಯಲ್ಲ. ಅರಮನೆಯ ಬೊಕ್ಕಸ, ವರ್ತಕರ ಲಾಗಾ, ಸಹಾಯಾರ್ಥ ನಾಟಕ, ಇವೆಲ್ಲದರ ಮುಂದುವರಿಕೆ.

ಎರಡನೆಯ ಪ್ರಶ್ನೆ ಕಷ್ಟದ್ದು. ಬೆಂಚು ಬೇಡವೆಂದು ನಾನು ಹೇಳಲಾರೆ; ಮೂವರಿಗೆ ಒಂದರಂತೆ ಬೆಂಚು ಹಂಚಿಕೊಂಡು ಕುಳಿತವನು ನಾನೂ ಹೌದು. ಆದರೆ ಬೆಂಚನ್ನು ಒಮ್ಮೆ ಕೊಟ್ಟರೆ ಹತ್ತು ವರ್ಷ ನಿಲ್ಲುತ್ತದೆ. ಪ್ರಾಣಿಯ ಮೇವು ಒಂದು ದಿನ ನಿಲ್ಲುತ್ತದೆ, ಪಾರ್ಕಿನ ಕಸಬರಿಕೆ ಒಂದು ತಿಂಗಳು. ನಮ್ಮ ವೃತ್ತಿಯಲ್ಲಿಯೂ ಒಂದು ವ್ಯವಸ್ಥೆಯನ್ನು ಕಟ್ಟುವುದಕ್ಕಿಂತ ಅದನ್ನು ನಡೆಸಿಕೊಂಡು ಹೋಗುವುದಕ್ಕೇ ಖರ್ಚು ಹೆಚ್ಚು. ಕಟ್ಟಿದವರ ಹೆಸರು ಫಲಕದ ಮೇಲೆ ಬರುತ್ತದೆ, ನಡೆಸಿದವರದು ಬರುವುದಿಲ್ಲ.

ಆದ್ದರಿಂದ ಗುಂಪಿನ ಮುಂದೆ ನಾನು ಇಟ್ಟ ಸಲಹೆ ಇಷ್ಟು. ಪ್ರದರ್ಶನದ ಹಣದಲ್ಲಿ ಮೊದಲ ಪಾಲು ಬೆಂಚಿಗೆ ಹೋಗಲಿ. ಉಳಿದದ್ದನ್ನು ಒಂದೇ ದಿನ ಚೆಕ್ ಬರೆದು ಫೋಟೋ ತೆಗೆಸಿಕೊಳ್ಳುವ ಬದಲು ಹನ್ನೆರಡು ಭಾಗ ಮಾಡಿ ತಿಂಗಳು ತಿಂಗಳು ಆಶ್ರಯಕ್ಕೂ ಪಾರ್ಕಿಗೂ ಮುಟ್ಟಿಸೋಣ. ಪ್ರತಿ ತಿಂಗಳೂ ಎಂಟನೇ ತರಗತಿಯ ಇಬ್ಬರು ಮಕ್ಕಳು ಹೋಗಿ ನೋಡಿ ಬಂದು, ಎಷ್ಟು ಕೊಟ್ಟೆವು, ಏನಾಯಿತು ಎಂದು ಶಾಲೆಯ ಸೂಚನಾ ಫಲಕದಲ್ಲಿ ಬರೆಯಲಿ. ಮರುವರ್ಷ ಮತ್ತೆ ಚಿತ್ರ ಬರೆಯಲಿ. ಕಾಗೆಯನ್ನೇ ಬರೆದರೂ ಸರಿ.

ಇದನ್ನು ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಬೋರ್ಡಿಗೆ ಹಾಕ್ತೀರಾ?" ಎಂದು ಕೇಳಿದರು. ಹಾಕುತ್ತೇವೆ ಸಾರ್ ಎಂದೆ. "ಹಾಗಿದ್ರೆ ನೋಡೋಣಪ್ಪಾ" ಎಂದರು. ಒಪ್ಪಿಗೆಯೋ ಪರೀಕ್ಷೆಯೋ ತಿಳಿಯಲಿಲ್ಲ. ಎರಡೂ ಆಗಿರಬಹುದು.

ದತ್ತು ಪಡೆದ ಆ ಹಕ್ಕಿಯ ಅರ್ಜಿಯನ್ನು ಈ ವಾರ ಮತ್ತೆ ತುಂಬಿದ್ದೇನೆ. ಈ ಸಲ ಸ್ಟೇಟಸ್‌ಗೆ ಹಾಕಲಿಲ್ಲ. ಮುಂದಿನ ವರ್ಷದ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.